ಎಂಜಿನ್‌ಗೆ ಬೈಯುವ ಮೊದಲು

"ಹುಡುಗನಿಗೆ ಹುಟ್ಟುಪ್ರತಿಭೆ ಇದೆ ಸರ್, ಎಂಜಿನ್ ಮಾತ್ರ ಎಳೆಯುತ್ತಿಲ್ಲ." ಮಕ್ಕಳ ರೇಸಿಂಗ್ ಕಾರ್ಟ್‌ಗಳನ್ನು, ಅಂದರೆ ಮೇಲ್ಛಾವಣಿಯಿಲ್ಲದ ಪುಟ್ಟ ರೇಸ್ ಗಾಡಿಗಳನ್ನು, ಹೊಂದಿಸಿಕೊಡುವ ನನಗೆ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಎಂಜಿನ್ ನಿಜವಾಗಿಯೂ ಸೋತಿರುವುದೂ ಉಂಟು, ಇಲ್ಲವೆನ್ನಲಾರೆ. ಆದರೆ ಹೆಚ್ಚಿನ ಸಲ ದೋಷವಿರುವುದು ನೇರ ಹಾದಿಯಲ್ಲಲ್ಲ, ಅದರ ಹಿಂದಿನ ತಿರುವಿನಲ್ಲಿ.

ಎಡಬಲ ಚಕ್ರಗಳು ಬೇರೆ ಬೇರೆ ವೇಗದಲ್ಲಿ ಸುತ್ತಲು ಬಿಡುವ ಡಿಫರೆನ್ಷಿಯಲ್ ಎಂಬ ಗಿಯರ್ ಜೋಡಣೆ ಕಾರ್ಟ್‌ಗೆ ಇಲ್ಲ. ಹಿಂದಿನ ಎರಡೂ ಚಕ್ರಗಳು ಒಂದೇ ಆಕ್ಸಲ್‌ಗೆ ಬಿಗಿದುಕೊಂಡು ಒಂದೇ ವೇಗದಲ್ಲಿ ಸುತ್ತುತ್ತವೆ. ತಿರುವಿನಲ್ಲಾದರೋ ಹೊರಗಿನ ಚಕ್ರ ಕ್ರಮಿಸಬೇಕಾದ ದೂರ ಹೆಚ್ಚು, ಒಳಗಿನದು ಕಡಿಮೆ. ಹಾಗಾಗಿ ಒಳಗಿನ ಹಿಂಚಕ್ರ ನೆಲದಿಂದ ಕೊಂಚವಾದರೂ ಏಳಬೇಕು. ಏಳದಿದ್ದರೆ ಎರಡೂ ಜಗ್ಗಾಡಿ ವೇಗವನ್ನು ನುಂಗುತ್ತವೆ, ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಸುತ್ತುವ ಸಂಖ್ಯೆ) ಕುಸಿಯುತ್ತದೆ. ಬೇಲಿಯಾಚೆ ನಿಂತ ತಂದೆಗೆ ಕಾಣುವುದು ಸೊರಗಿದ ಎಂಜಿನ್. ಕಾರಣ ಸೀಟು ಕೂರಿಸಿದ ಜಾಗವಿರಬಹುದು, ಮುಂಚಕ್ರಗಳ ನಡುವಣ ಅಂತರವಿರಬಹುದು, ಟೈರಿನ ಗಾಳಿಯಿರಬಹುದು. ಅದನ್ನು ಪತ್ತೆ ಮಾಡಲು ಡೇಟಾ ನೆರವಾಗುತ್ತದೆ, ಆದರೂ ಮುಖ್ಯ ಸಾಕ್ಷಿ ಒಳಗೆ ಕುಳಿತವನೇ.

ಪ್ರತಿಭೆ ನಮ್ಮನ್ನು ಸತಾಯಿಸುವುದು ಇಲ್ಲಿಯೇ. ಚುರುಕು ಹುಡುಗ, ಕಾರ್ಟ್ ತಿರುಗದಿದ್ದರೆ ಮೈಯನ್ನು ಹೊರಕ್ಕೆ ವಾಲಿಸಿ, ಸ್ಟೀರಿಂಗ್ ಜಗ್ಗಿ, ಹೇಗೋ ತಿರುಗಿಸಿಬಿಡುತ್ತಾನೆ. ಲ್ಯಾಪ್ ಸಮಯ, ಅಂದರೆ ಟ್ರ್ಯಾಕ್ ಒಂದು ಸುತ್ತು ಬರುವ ಸಮಯ, ಕೆಡುವುದಿಲ್ಲ. ಕೇಳಿದರೆ, "ಚೆನ್ನಾಗಿದೆ ಅಂಕಲ್." ಗಾಳಿ ಇಳಿಸಿದರೂ ಅದೇ ಸಮಯ, ಅದೇ "ಚೆನ್ನಾಗಿದೆ". ಟೈರ್ ಸವೆದ ಮೇಲೆ ಈ ಕೈಚಳಕ ನಡೆಯುವುದಿಲ್ಲ. ಆಗ ಮತ್ತೆ ಎಂಜಿನ್‌ಗೆ ಬೈಗುಳ.

ದೊಡ್ಡವರೂ ಇದಕ್ಕೆ ಹೊರತಲ್ಲ. 1972ರಲ್ಲಿ ಮಾರ್ಚ್ ತಂಡ 721ಎಕ್ಸ್ ಎಂಬ ಹೊಸ ಫಾರ್ಮುಲಾ ಒನ್ ಕಾರು ತಂದಾಗ ಅದರ ಚಾಲಕ ರಾನಿ ಪೀಟರ್ಸನ್ ಅದನ್ನು ಮೆಚ್ಚಿದ. ಜೊತೆಗಾರ ನಿಕಿ ಲೌಡಾ, ಇದು ಓಡಿಸಲಾಗದ ಕಾರು ಎಂದ. ಪೀಟರ್ಸನ್ ಹಿಂದಿನ ವರ್ಷದ ಚಾಂಪಿಯನ್‌ಷಿಪ್‌ನಲ್ಲಿ ಎರಡನೆಯವನು, ಲೌಡಾ ಇನ್ನೂ ಹೊಸಬ. ತಂಡ ಯಾರನ್ನು ನಂಬಿತೆಂದು ಹೇಳಬೇಕಾಗಿಲ್ಲ. ಕೆಲವೇ ರೇಸ್‌ಗಳಲ್ಲಿ ಆ ಕಾರನ್ನು ಮೂಲೆಗೆ ಹಾಕಬೇಕಾಯಿತು. ಪೀಟರ್ಸನ್ ಸುಳ್ಳು ಹೇಳಿರಲಿಲ್ಲ. ಕೆಟ್ಟ ಕಾರನ್ನೂ ಅವನ ಕೈ ಸಂಭಾಳಿಸುತ್ತಿತ್ತು, ಅಷ್ಟೆ. 1973ರಲ್ಲಿ ಒಂಬತ್ತು ಪೋಲ್ ಪೊಸಿಷನ್ (ರೇಸ್ ಆರಂಭದ ಮೊದಲ ಸ್ಥಾನ) ಗೆದ್ದ ಮನುಷ್ಯ ಒಮ್ಮೆಯೂ ವಿಶ್ವ ಚಾಂಪಿಯನ್ ಆಗಲಿಲ್ಲ. ಲೌಡಾ ಮೂರು ಬಾರಿ ಆದ. ಇದಕ್ಕೆ ಅದೊಂದೇ ಕಾರಣವೆಂದರೆ ತಪ್ಪಾದೀತು. ನನಗಂತೂ ಪೀಟರ್ಸನ್‌ನ ಓಟವೇ ಹೆಚ್ಚು ಇಷ್ಟ.

ತಾಂತ್ರಿಕ ತಿಳಿವಳಿಕೆ ಎಂದೊಡನೆ ಕೆಲವರು ಮಗನಿಗೆ ವಿಡಿಯೊ ತೋರಿಸಿ ಪಾಠ ಮಾಡಿಸುತ್ತಾರೆ. ಮರುದಿನ ಅವನು ಬಂದು, "ಮುಂಚಕ್ರಗಳ ಅಂತರ ಹತ್ತು ಮಿಲಿಮೀಟರ್ ಹೆಚ್ಚಿಸಿ" ಎನ್ನುತ್ತಾನೆ. ಬೇಡಪ್ಪ! ಅದು ನನ್ನ ಕೆಲಸ. ಯಾವ ತಿರುವು? ಒಳಹೋಗುವಾಗಲೋ, ನಡುವಿನಲ್ಲೋ, ಹೊರಬರುವಾಗಲೋ? ಜಾರಿದ್ದು ಮುಂದೋ ಹಿಂದೋ? ಮೊದಲ ಲ್ಯಾಪ್‌ನಿಂದಲೂ ಹಾಗೆಯೋ, ಟೈರ್ ಬಿಸಿಯಾದ ಮೇಲೋ? ಇಷ್ಟು ಹೇಳಿದರೆ ಸಾಕು. ಒಳಹೋಗುವಾಗ ಮುಂಭಾಗ ಜಾರುವುದಕ್ಕೂ ಹೊರಬರುವಾಗ ಜಾರುವುದಕ್ಕೂ ಮಾಡಬೇಕಾದ ರಿಪೇರಿ ಬೇರೆ ಬೇರೆ. "ತಿರುಗುತ್ತಿಲ್ಲ" ಎಂದಷ್ಟೇ ಹೇಳಿದರೆ ನಾನು ಊಹೆಯ ಮೇಲೆ ಸ್ಪ್ಯಾನರ್ ಹಿಡಿಯಬೇಕಾಗುತ್ತದೆ.

ನನ್ನ ಬಳಿ ಬರುವ ಒಬ್ಬಳು ಹುಡುಗಿ ಅತಿ ವೇಗದವಳೇನಲ್ಲ. ಆದರೆ ಹೆಲ್ಮೆಟ್ ತೆಗೆಯುತ್ತಲೇ, "ಮೂರನೇ ತಿರುವಿನಲ್ಲಿ ಆಕ್ಸಿಲರೇಟರ್ ಒತ್ತಿದ ಮೇಲೆ ಹಿಂಭಾಗ ಕುಪ್ಪಳಿಸುತ್ತದೆ" ಎನ್ನುತ್ತಾಳೆ. ಅವಳ ಕಾರ್ಟ್ ಪ್ರತಿ ಸುತ್ತಿನ ಅಭ್ಯಾಸದಲ್ಲೂ ಸುಧಾರಿಸುತ್ತದೆ.

ಆದ್ದರಿಂದ ಈಗೀಗ ಸ್ಟಾಪ್‌ವಾಚ್ ತೋರಿಸುವ ಮೊದಲೇ ಮಕ್ಕಳಿಂದ ವರದಿ ಕೇಳುತ್ತೇನೆ. ಸಮಯ ತಿಳಿದ ಮೇಲೆ ಉತ್ತರ ಅದಕ್ಕೆ ತಕ್ಕಂತೆ ಬದಲಾಗುತ್ತದೆ. ತಂದೆಯವರು ಆ ಎರಡು ನಿಮಿಷ ಆಚೆ ಹೋಗಿ ಕಾಫಿ ಕುಡಿದರೆ ಇನ್ನೂ ಒಳ್ಳೆಯದು.