ಟ್ರೈ ಬೈಕಿಗೆ ಎರಡು ಜೊತೆ ಗಾಲಿ ಬೇಕಾ? ಒಂದೂವರೆ ಸಾಕು

ಪ್ರಶ್ನೆ: ನನ್ನ ಟ್ರೈ ಬೈಕಿನಲ್ಲಿ (ಈಜು, ಸೈಕಲ್, ಓಟ ಮೂರೂ ಇರುವ ಟ್ರಯಥ್ಲಾನ್ ರೇಸಿನ ಸೈಕಲ್) ಕೊಂಡಾಗ ಬಂದ ಅಲ್ಯೂಮಿನಿಯಂ ಗಾಲಿಗಳೇ ಇವೆ. ಮುಂದಿನ ಸೀಸನ್‌ನಲ್ಲಿ ಹಾಫ್ ಡಿಸ್ಟೆನ್ಸ್ ರೇಸ್ ಮಾಡುವ ಆಸೆ. ಅಭ್ಯಾಸಕ್ಕೊಂದು ಜೊತೆ, ರೇಸಿಗೊಂದು ಜೊತೆ ಇಟ್ಟುಕೋ ಅಂತ ಎಲ್ಲರೂ ಹೇಳ್ತಾರೆ. ಅಷ್ಟು ದುಡ್ಡಿಲ್ಲ. ಇರುವುದನ್ನು ಯಾವುದಕ್ಕೆ ಹಾಕಲಿ?

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಒಂದೂವರೆ ಜೊತೆ ಸಾಕು. ದಿನಾ ತುಳಿಯಲು ಗಟ್ಟಿಮುಟ್ಟಾದ ಒಂದು ಜೊತೆ, ಅದು ನಿಮ್ಮ ಹತ್ತಿರ ಆಗಲೇ ಇದೆ. ರೇಸಿಗೆ ಡೀಪ್ ರಿಮ್ಮಿನ, ಅಂದರೆ ಗಾಳಿ ಸೀಳಲು ಎತ್ತರವಾಗಿ ಮಾಡಿದ ರಿಮ್ಮಿನ, ಮುಂದಿನ ಗಾಲಿ ಒಂದೇ ಒಂದು. ಹಿಂದೆ? ಅಭ್ಯಾಸದ ಗಾಲಿಗೇ ಒಂದು ಕವರ್ ಹಾಕಿ ಡಿಸ್ಕ್ (ಕಡ್ಡಿ ಕಾಣದಂತೆ ಮುಚ್ಚಿದ ಗಾಲಿ) ಮಾಡಿಕೊಳ್ಳಿ. ಉಳಿದ ದುಡ್ಡು ಟೈರಿಗೆ.

ಟ್ರಯಥ್ಲಾನ್‌ನ ಹೆಚ್ಚಿನ ರೇಸುಗಳಲ್ಲಿ ಮುಂದಿನವರ ಬೆನ್ನ ಹಿಂದೆ ಅಡಗಿಕೊಂಡು ಹೋಗುವಂತಿಲ್ಲ. ಹಾಫ್‌ನಲ್ಲಿ 90 ಕಿ.ಮೀ., ಫುಲ್‌ನಲ್ಲಿ 180 ಕಿ.ಮೀ., ಅಷ್ಟೂ ದೂರ ನೀವು ಒಬ್ಬರೇ ಗಾಳಿ ಸೀಳಿಕೊಂಡು ಹೋಗಬೇಕು. ಸಮತಟ್ಟು ರಸ್ತೆಯಲ್ಲಿ ಗಂಟೆಗೆ 30 ಕಿ.ಮೀ. ದಾಟಿದ ಮೇಲೆ ನಿಮ್ಮ ಕಾಲಿನ ಶಕ್ತಿಯ ಬಹುಪಾಲು ಗಾಳಿಗೇ ಹೋಗುತ್ತದೆ. ಅದೂ ಎಂಥಾ ಲೆಕ್ಕ ಅಂದರೆ, ವೇಗ ಹತ್ತು ಪರ್ಸೆಂಟ್ ಜಾಸ್ತಿ ಮಾಡಬೇಕಾದರೆ ಗಾಳಿಗೆ ಕೊಡುವ ಶಕ್ತಿ ಮೂವತ್ತಮೂರು ಪರ್ಸೆಂಟ್ ಜಾಸ್ತಿ ಬೇಕು. ಹಾಗಾಗಿ ಗಾಲಿ ಕೊಳ್ಳುವಾಗ ಎಲ್ಲರೂ ಮೊದಲು ತಕ್ಕಡಿಗೆ ಇಡುವ ಆ ತೂಕ ಇದೆಯಲ್ಲ, ಅದನ್ನು ಸ್ವಲ್ಪ ಮರೆತುಬಿಡಿ. ನೀವು, ಬೈಕು, ಬಾಟಲಿ ಎಲ್ಲಾ ಸೇರಿ 85 ಕೆ.ಜಿ. ಅಂದುಕೊಳ್ಳಿ. ಗಾಲಿ ಅರ್ಧ ಕೆ.ಜಿ. ಹಗುರಾದರೆ ಅದು ಒಟ್ಟು ತೂಕದಲ್ಲಿ 0.6 ಪರ್ಸೆಂಟ್. ಒಂದು ಗಂಟೆ ಒಂದೇ ಸಮ ಏರು ಹತ್ತಿದರೂ ಉಳಿಯುವುದು ಇಪ್ಪತ್ತು ಸೆಕೆಂಡಿನ ಆಸುಪಾಸು. ಸಮತಟ್ಟಿನಲ್ಲಿ ಗೊತ್ತೇ ಆಗುವುದಿಲ್ಲ.

ಇನ್ನೊಂದು ಮಾತು, ಗಾಲಿ ಮಾರುವವರು ಇದನ್ನು ಹೇಳುವುದಿಲ್ಲ. ಗಾಳಿಗೆ ಅಡ್ಡ ನಿಲ್ಲುವುದರಲ್ಲಿ ದೊಡ್ಡ ಪಾಲು ಬೈಕಿನದಲ್ಲ, ನಿಮ್ಮ ಮೈಯದು. ಏರೋ ಬಾರ್ (ಮುಂದಕ್ಕೆ ಚಾಚಿದ, ಮೊಣಕೈ ಊರುವ ಹ್ಯಾಂಡಲ್) ಮೇಲೆ ಎರಡೂವರೆ ಗಂಟೆ ಕದಲದೆ ಮಲಗಿರಲು ಆಗುತ್ತಾ? ಜೆರ್ಸಿ ಪಟಪಟ ಹೊಡೆದುಕೊಳ್ಳುತ್ತಾ? ಇವೆರಡು ಸರಿಯಾಗದೆ ಕಾರ್ಬನ್ ಗಾಲಿ ಹಾಕುವುದು ತೂತು ಬಿದ್ದ ಕೊಡಕ್ಕೆ ಬಣ್ಣ ಬಳಿದ ಹಾಗೆ. ಗಾಳಿ ಸೀಳುವ ಆಕಾರದ ಏರೋ ಹೆಲ್ಮೆಟ್ ಇಲ್ಲದಿದ್ದರೆ ಅದನ್ನೂ ಗಾಲಿಗಿಂತ ಮೊದಲು ತೆಗೆದುಕೊಳ್ಳಿ.

ಈಗ ಟೈರು. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಕಡಿಮೆ ದುಡ್ಡಿಗೆ ಜಾಸ್ತಿ ಸಿಗುವುದು ಇಲ್ಲೇ. ಪಂಕ್ಚರ್ ಆಗದಿರಲಿ ಅಂತ ಅಭ್ಯಾಸಕ್ಕೆ ದಪ್ಪ ಪದರದ ಟೈರ್ ಹಾಕಿರುತ್ತೀರಿ, ಸರಿ. ಅದೇ ಟೈರನ್ನು ರೇಸಿಗೂ ಬಿಟ್ಟರೆ, ಒಳ್ಳೆಯ ರೇಸ್ ಟೈರಿಗೆ ಹೋಲಿಸಿದರೆ ಎರಡೂ ಗಾಲಿ ಸೇರಿ ಹತ್ತು ಹದಿನೈದು ವ್ಯಾಟ್ ಸುಮ್ನೆ ರಸ್ತೆಗೆ ಚೆಲ್ಲುತ್ತೀರಿ. ಸಾದಾ ಗಾಲಿ ತೆಗೆದು ಡೀಪ್ ರಿಮ್ ಜೊತೆ ಹಾಕಿದರೆ ಸಿಗುವ ಲಾಭವೂ ಹೆಚ್ಚುಕಡಿಮೆ ಅಷ್ಟೇ! ದುಬಾರಿ ಕಾರ್ಬನ್ ಗಾಲಿಗೆ ಅಗ್ಗದ ಟೈರ್ ಸುತ್ತಿಕೊಂಡು ಬಂದವರನ್ನು, ರೇಸಿನಲ್ಲಿ ಸೈಕಲ್ ನಿಲ್ಲಿಸಿಡುವ ಜಾಗವಾದ ಟ್ರಾನ್ಸಿಷನ್‌ನಲ್ಲಿ ಎಷ್ಟೋ ಸಲ ನೋಡಿದ್ದೇನೆ, ಹೊಟ್ಟೆ ಉರಿಯುತ್ತದೆ. ಒಳಗಿನ ಟ್ಯೂಬ್ ಸಾಮಾನ್ಯ ಬ್ಯುಟೈಲ್ ರಬ್ಬರಿನ ಬದಲು ಲೇಟೆಕ್ಸ್ ರಬ್ಬರಿನದಾದರೆ ಗಾಲಿಗೆ ಇನ್ನೂ ಎರಡು ಮೂರು ವ್ಯಾಟ್ ಉಳಿಯುತ್ತದೆ. ಲೇಟೆಕ್ಸ್‌ಗೆ ಒಂದು ಕೆಟ್ಟ ಚಾಳಿ, ರಾತ್ರಿ ಕಳೆಯುವುದರಲ್ಲಿ ಗಾಳಿ ಇಳಿದುಹೋಗುತ್ತದೆ. ರೇಸಿನ ಬೆಳಿಗ್ಗೆ ಪಂಪ್ ಹೊಡೆಯಲೇಬೇಕು. ಮತ್ತೆ, ಕಾರ್ಬನ್ ರಿಮ್ಮಿನ ಮೇಲೇ ಬ್ರೇಕ್ ಹಿಡಿಯುವ ಬೈಕಾದರೆ ಲೇಟೆಕ್ಸ್ ಬೇಡ. ಉದ್ದನೆಯ ಇಳಿಜಾರಿನಲ್ಲಿ ರಿಮ್ ಕಾದರೆ ಟ್ಯೂಬ್ ಸಿಡಿಯಬಹುದು.

ರೇಸ್ ಟೈರನ್ನು ಅಭ್ಯಾಸದಲ್ಲಿ ಸವೆಸಬೇಡಿ. ರೇಸಿಗೆ ಒಂದು ವಾರ ಮುಂಚೆ ಹಾಕಿ, ಒಂದೆರಡು ಸಲ ಓಡಿಸಿ ನೋಡಿ. ಹಿಂದಿನ ರಾತ್ರಿ ಹೋಟೆಲ್ ರೂಮಿನಲ್ಲಿ ಕೂತು ಟೈರ್ ಬದಲಿಸುವ ಶೂರತನ ಬೇಡ.

ಅಭ್ಯಾಸದ ಗಾಲಿ ಬಗ್ಗೆ ಹೇಳುವುದು ಕಡಿಮೆ. ಅಲ್ಯೂಮಿನಿಯಂ ರಿಮ್, 28 ಅಥವಾ 32 ಸಾದಾ ಕಡ್ಡಿ, ಬಿಚ್ಚಿ ಗ್ರೀಸ್ ಹಾಕಬಹುದಾದ ಅಥವಾ ಸುಲಭವಾಗಿ ಬದಲಿಸಬಹುದಾದ ಬೇರಿಂಗ್. ಕಡ್ಡಿ ಮುರಿದರೆ ಯಾವ ಸೈಕಲ್ ಅಂಗಡಿಯಲ್ಲಾದರೂ ಸಿಗಬೇಕು, ಕಂಪನಿಯಿಂದಲೇ ತರಿಸಬೇಕಾದ ವಿಶೇಷ ಕಡ್ಡಿ ಇರಬಾರದು. ಭಾರ ಇದ್ದರೆ ಇರಲಿ, ಅಭ್ಯಾಸ ತಾನೇ? ರಿಮ್ ಬ್ರೇಕ್ ಬೈಕಾದರೆ ಆಗಾಗ ಬ್ರೇಕ್ ಉಜ್ಜುವ ಜಾಗ ಮುಟ್ಟಿ ನೋಡಿ. ಒಳಕ್ಕೆ ಬಾಗಿದ್ದರೆ ಅಥವಾ ಸವೆತ ತೋರಿಸುವ ಗುರುತು ಮಾಸಿದ್ದರೆ ಆ ರಿಮ್ಮಿನ ಆಯುಸ್ಸು ಮುಗಿಯಿತು.

ಇನ್ನು ಆ ಒಂದೇ ಒಂದು ರೇಸ್ ಗಾಲಿ. ಮುಂದಿನದೇ ಯಾಕೆ? ಮುಂದಿನ ಗಾಲಿಗೆ ಬರುವುದು ಯಾವುದಕ್ಕೂ ತಾಗದ ನೇರ ಗಾಳಿ. ಹಿಂದಿನದು ನಿಮ್ಮ ಕಾಲು ಮತ್ತು ಸೀಟ್ ಟ್ಯೂಬಿನ (ಸೀಟಿನ ಕೆಳಗಿನ ಫ್ರೇಮ್ ಕೊಳವೆಯ) ಮರೆಯಲ್ಲಿರುತ್ತದೆ. ಆದರೆ ಅಡ್ಡಗಾಳಿ ಬಂದಾಗ ಹ್ಯಾಂಡಲ್ ಎಳೆಯುವುದೂ ಮುಂದಿನ ಗಾಲಿಯೇ, ಅದಕ್ಕೇ ತೀರಾ ಆಸೆ ಬೇಡ. 50ರಿಂದ 60 ಮಿ.ಮೀ. ಎತ್ತರದ ರಿಮ್ ಹೆಚ್ಚಿನವರಿಗೆ ಸರಿ. ನೀವು ಹಗುರ ಮೈಯವರಾದರೆ, ಅಥವಾ ರೇಸ್ ನಡೆಯುವುದು ಕಡಲ ಬದಿಯಲ್ಲಾದರೆ 40 ಸಾಕು. 80 ಮಿ.ಮೀ. ಹಾಕಿಕೊಂಡು ಗಾಳಿ ಬೀಸಿದಾಗಲೆಲ್ಲಾ ಏರೋ ಬಾರ್ ಬಿಟ್ಟು ಎದ್ದು ಕೂತರೆ, ಗಾಲಿ ಉಳಿಸಿಕೊಟ್ಟದ್ದಕ್ಕಿಂತ ಜಾಸ್ತಿ ನೀವೇ ಕಳೆದಿರುತ್ತೀರಿ, ಅಲ್ವಾ?

ಅಗಲವನ್ನೂ ನೋಡಿ. ಗಾಳಿ ತುಂಬಿದ ಟೈರಿಗಿಂತ ರಿಮ್ಮಿನ ಹೊರ ಅಗಲ ಕನಿಷ್ಠ ಐದು ಪರ್ಸೆಂಟ್ ಜಾಸ್ತಿ ಇರಬೇಕು ಅಂತ ಒಂದು ಸೂತ್ರ ಇದೆ, '105ರ ನಿಯಮ' ಅಂತಾರೆ. ಟೈರ್ ರಿಮ್ಮಿಗಿಂತ ಉಬ್ಬಿಕೊಂಡರೆ ಗಾಳಿ ರಿಮ್ಮಿನ ಮೈಗೆ ಅಂಟಿಕೊಂಡು ಹೋಗುವುದಿಲ್ಲ, ಡೀಪ್ ರಿಮ್ ಕೊಂಡದ್ದೇ ದಂಡ. ಹಾಗಾಗಿ ಹಳೆಯ ಕಿರಿದಾದ ರಿಮ್ಮಿಗೆ 28 ಮಿ.ಮೀ. ಅಗಲದ ಟೈರ್ ಹಾಕಬೇಡಿ, 23 ಅಥವಾ 25 ಹಾಕಿ. ಈಗಿನ ಅಗ್ಗದ ಕಾರ್ಬನ್ ಗಾಲಿಗಳಲ್ಲಿ ಹುಕ್‌ಲೆಸ್ ಅಂತ ಬರುತ್ತವೆ, ಟೈರಿನ ಅಂಚು ಹಿಡಿಯುವ ಕೊಕ್ಕೆ ಇಲ್ಲದವು. ಅವುಗಳಿಗೆ ಹೊಂದುತ್ತದೆ ಅಂತ ಕಂಪನಿಯೇ ಹೇಳಿದ ಟೈರ್ ಮಾತ್ರ ಹಾಕಬೇಕು, ಗಾಳಿ 72.5 ಪಿಎಸ್‌ಐ ದಾಟಬಾರದು. ಟೈರಿನ ಆಯ್ಕೆ ಕಡಿಮೆಯಾಗುತ್ತದೆ. ನನಗಾದರೆ ಕೊಕ್ಕೆ ಇರುವ ರಿಮ್ಮೇ ಇಷ್ಟ.

ರಿಮ್ ಬ್ರೇಕಿನವರಿಗೆ ಒಂದು ಅಗ್ಗದ ದಾರಿ ಇದೆ. ಅಲ್ಯೂಮಿನಿಯಂ ರಿಮ್ಮಿಗೆ ತೆಳು ಕಾರ್ಬನ್ ಹೊದಿಕೆ ಅಂಟಿಸಿ ಡೀಪ್ ಮಾಡಿದ ಗಾಲಿಗಳು ಬರುತ್ತಿದ್ದವು, ಸೆಕೆಂಡ್ ಹ್ಯಾಂಡ್‌ನಲ್ಲಿ ಈಗಲೂ ಸಿಗುತ್ತವೆ. ಭಾರ ಜಾಸ್ತಿ, ಅದಕ್ಕೇ ಯಾರಿಗೂ ಬೇಡ. ಗಾಳಿಗೆ ತೂಕ ಗೊತ್ತಾಗುವುದಿಲ್ಲ! ಬ್ರೇಕ್ ಚೆನ್ನಾಗಿ ಹಿಡಿಯುತ್ತದೆ, ಪ್ಯಾಡ್ ಬದಲಿಸುವ ಕೆಲಸವಿಲ್ಲ. ಪೂರ್ತಿ ಕಾರ್ಬನ್ ರಿಮ್ ಆದರೆ ಅದಕ್ಕೆಂದೇ ಮಾಡಿದ ಪ್ಯಾಡ್ ಬೇಕು. ಅಲ್ಯೂಮಿನಿಯಂ ಮೇಲೆ ಉಜ್ಜಿದ ಪ್ಯಾಡಿನಲ್ಲಿ ಲೋಹದ ಚೂರು ಸಿಕ್ಕಿಕೊಂಡಿರುತ್ತದೆ, ಅದು ಕಾರ್ಬನ್ ಮೇಲೆ ಗೀರು ಹಾಕುತ್ತದೆ.

ಹಿಂದಿನ ಗಾಲಿಗೆ ಬರೋಣ. 1984ರ ಜನವರಿಯಲ್ಲಿ ಮೆಕ್ಸಿಕೋ ಸಿಟಿಯಲ್ಲಿ ಇಟಲಿಯ ಸೈಕಲ್ ರೇಸರ್ ಫ್ರಾನ್ಸೆಸ್ಕೊ ಮೊಸರ್ ಡಿಸ್ಕ್ ಗಾಲಿ ಹಾಕಿಕೊಂಡು ಒಂದು ಗಂಟೆಯಲ್ಲಿ 51.151 ಕಿ.ಮೀ. ತುಳಿದು ದಾಖಲೆ ಮಾಡಿದರು. ಕಡ್ಡಿ ಕಾಣದ ಆ ಮುಚ್ಚಿದ ಗಾಲಿ ಅಲ್ಲಿಂದಾಚೆಗೆ ಎಲ್ಲರ ಕಣ್ಣಿಗೆ ಬಿತ್ತು. ಇವತ್ತಿಗೂ ಹಿಂದಿನ ಗಾಲಿಗೆ ಅದಕ್ಕಿಂತ ವೇಗದ್ದಿಲ್ಲ. ನಿಜವಾದ ಡಿಸ್ಕ್ ದುಬಾರಿ. ಆದರೆ ನಿಮ್ಮ ಸಾದಾ ಹಿಂದಿನ ಗಾಲಿಯ ಎರಡೂ ಬದಿಗೆ ಸ್ಕ್ರೂ ಹಾಕಿ ಕೂರಿಸುವ ತೆಳು ಪ್ಲಾಸ್ಟಿಕ್ ಕವರ್ ಸಿಗುತ್ತದೆ. ಬೆಲೆಯಲ್ಲಿ ಡಿಸ್ಕಿನ ಚಿಕ್ಕ ಪಾಲು, ಗಾಳಿಯ ಲೆಕ್ಕದಲ್ಲಿ ಹೆಚ್ಚುಕಡಿಮೆ ಅದರ ಸಮಕ್ಕೆ ಬರುತ್ತದೆ. ಹಿಂದಿನ ಗಾಲಿ ಹ್ಯಾಂಡಲ್ ಎಳೆಯುವುದಿಲ್ಲವಾದ್ದರಿಂದ ಅಡ್ಡಗಾಳಿಯ ಭಯವೂ ಮುಂದಿನದರಷ್ಟಿಲ್ಲ. ಕೊಳ್ಳುವಾಗ ನಿಮ್ಮ ರಿಮ್ಮಿನ ಅಳತೆ ಕೊಡಿ, ಬ್ರೇಕ್ ಪ್ಯಾಡಿಗೋ ಫ್ರೇಮಿಗೋ ಕವರ್ ತಾಗದಷ್ಟು ಜಾಗ ಇದೆಯಾ ನೋಡಿ. ಡಿಸ್ಕ್ ಬ್ರೇಕ್ ಬೈಕಾದರೆ ಅದಕ್ಕೆಂದೇ ಮಾಡಿದ ಕವರ್ ಕೇಳಿ.

ರೇಸಿನ ನಿಯಮ ಓದಿಕೊಳ್ಳಿ. ಟ್ರಯಥ್ಲಾನ್‌ನಲ್ಲಿ ಕವರ್ ಹಿಂದಿನ ಗಾಲಿಗೆ ಮಾತ್ರ, ಮುಂದಿನದು ಕಡ್ಡಿಯದ್ದೇ ಇರಬೇಕು. ಗಾಳಿ ಜೋರಿರುವ, ಹವಾಯಿಯ ಕೋನಾದ ಐರನ್‌ಮ್ಯಾನ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ವರ್ಷಗಟ್ಟಲೆ ಹಿಂದಿನ ಡಿಸ್ಕಿಗೂ ಅವಕಾಶ ಕೊಟ್ಟಿರಲಿಲ್ಲ.

ಹಿಂದಿನ ಗಾಲಿ ಬದಲಿಸದೇ ಇರುವುದರಲ್ಲಿ ಇನ್ನೊಂದು ಸುಖ ಇದೆ, ಅನುಭವಿಸಿದವರಿಗೇ ಗೊತ್ತು. ಎರಡನೇ ಕ್ಯಾಸೆಟ್ (ಹಿಂದಿನ ಗಾಲಿಯ ಗೇರ್ ಚಕ್ರಗಳ ಗೊಂಚಲು) ಬೇಡ. ಎರಡು ಜೊತೆ ಇಟ್ಟುಕೊಂಡವರು ರೇಸಿಗೆ ಅಂತ ಹೊಸ ಕ್ಯಾಸೆಟ್ ಎತ್ತಿಟ್ಟಿರುತ್ತಾರೆ, ಚೈನ್ ಮಾತ್ರ ಅಭ್ಯಾಸದಲ್ಲಿ ಸವೆದು ಉದ್ದ ಆಗಿರುತ್ತದೆ. ರೇಸಿನ ದಿನ ಜೋರಾಗಿ ತುಳಿದ ತಕ್ಷಣ ಚೈನ್ ಹಲ್ಲು ಹಾರುತ್ತದೆ. ಹಬ್ಬಿನ ಅಳತೆ ಒಂದು ಕೂದಲೆಳೆ ಹೆಚ್ಚುಕಡಿಮೆ ಇದ್ದರೂ ಗೇರ್ ಕಟಕಟ ಅನ್ನುತ್ತದೆ, ಮತ್ತೆ ಟ್ಯೂನ್ ಮಾಡುತ್ತಾ ಕೂರಬೇಕು.

ಮುಂದಿನ ಗಾಲಿ ಕೊಳ್ಳುವ ಮುಂಚೆ ಅಳತೆ ಹೊಂದುತ್ತಾ ಅಂತ ಖಚಿತ ಮಾಡಿಕೊಳ್ಳಿ. ಸಾಮಾನ್ಯ 700ಸಿ ಗಾಲಿಗೆ ಟೈರ್ ಮೇಲೆ 622 ಅಂತ ಬರೆದಿರುತ್ತದೆ. ಕೆಲವು ಹಳೆಯ, ಚಿಕ್ಕ ಟ್ರೈ ಬೈಕುಗಳಲ್ಲಿ 650ಸಿ ಇರುತ್ತದೆ, ಅದರ ಸಂಖ್ಯೆ 571. ಅದಕ್ಕೆ ಈಗ ಟೈರ್ ಹುಡುಕುವುದೇ ಒಂದು ರೇಸ್. ಡಿಸ್ಕ್ ಬ್ರೇಕ್ ಇದ್ದರೆ ಮುಂದಿನ ಆಕ್ಸಲ್ ಸಾಮಾನ್ಯವಾಗಿ 12 × 100 ಮಿ.ಮೀ. ಥ್ರೂ ಆಕ್ಸಲ್ (ಹಬ್ಬಿನ ಮೂಲಕ ತೂರಿಸಿ ಬಿಗಿಸುವ ಆಕ್ಸಲ್), ರೋಟರ್ (ಬ್ರೇಕ್ ಹಿಡಿಯುವ ತಟ್ಟೆ) ಹಬ್ಬಿಗೆ ಕೂರುವುದು ಸೆಂಟರ್ ಲಾಕೋ ಆರು ಬೋಲ್ಟಿನದೋ ನೋಡಿ. ರಿಮ್ ಬ್ರೇಕ್ ಬೈಕಾದರೆ ಕ್ವಿಕ್ ರಿಲೀಸ್ (ಲಿವರ್ ತಿರುಗಿಸಿ ಬಿಚ್ಚುವ ಆಕ್ಸಲ್), ಜೊತೆಗೆ ಅಗಲದ ರಿಮ್ ಬ್ರೇಕಿನ ನಡುವೆ ತೂರುತ್ತಾ ಅಂತಲೂ ನೋಡಿ.

ಸೆಕೆಂಡ್ ಹ್ಯಾಂಡ್ ಆದರೆ ಹಗಲು ಬೆಳಕಿನಲ್ಲಿ ನೋಡಿ. ಕಡ್ಡಿ ರಿಮ್ಮಿಗೆ ಸೇರುವ ತೂತುಗಳ ಸುತ್ತ ಸಣ್ಣ ಬಿರುಕು ಇದೆಯಾ, ತಿರುಗಿಸಿದಾಗ ಓಲಾಡುತ್ತಾ, ಕೈಯಲ್ಲಿ ಅಲ್ಲಾಡಿಸಿದರೆ ಹಬ್ ಲಟಕ್ ಅನ್ನುತ್ತಾ. ಕಾರ್ಬನ್ ರಿಮ್ಮನ್ನು ನಾಣ್ಯದಿಂದ ಸುತ್ತಲೂ ತಟ್ಟಿ, ಒಂದು ಕಡೆ ಮಾತ್ರ ಸದ್ದು ಮಂಕಾದರೆ ಬಿಟ್ಟು ಬನ್ನಿ. ತೀರಾ ಅಗ್ಗಕ್ಕೆ ಸಿಗುವವು ಹೆಚ್ಚಾಗಿ ಟ್ಯುಬ್ಯುಲರ್, ಅಂದರೆ ಟೈರನ್ನು ರಿಮ್ಮಿಗೆ ಅಂಟು ಹಾಕಿ ಕೂರಿಸುವಂಥವು. ಅಂಟು ಹಾಕಲು ಬರುತ್ತೆ, ತಾಳ್ಮೆ ಇದೆ ಅನ್ನುವವರಿಗೆ ಪರವಾಗಿಲ್ಲ. ಮೊದಲ ಸಲ ಕೊಳ್ಳುವವರಿಗೆ ಬೇಡ ಅಂತಲೇ ಹೇಳುತ್ತೇನೆ. ಅಂಟು ಸರಿಯಾಗಿ ಹಿಡಿಯದಿದ್ದರೆ ತಿರುವಿನಲ್ಲಿ ಟೈರೇ ಕಳಚಿಬಿಡುತ್ತದೆ.

ಗಾಲಿ ಬಂದ ಮೇಲೆ ಪೆಟ್ಟಿಗೆಯಲ್ಲೇ ಇಟ್ಟು ಪೂಜೆ ಮಾಡಬೇಡಿ. ರೇಸಿಗೆ ಮುಂಚೆ ಮೂರ್ನಾಲ್ಕು ಸಲ, ಅದರಲ್ಲೂ ಗಾಳಿ ಇರುವ ದಿನವೇ ಓಡಿಸಿ. ಹಾಗೇ ಸ್ಯಾಡಲ್ ಬ್ಯಾಗ್ ಬಿಚ್ಚಿ, ಒಳಗಿರುವ ಸ್ಪೇರ್ ಟ್ಯೂಬಿನ ವಾಲ್ವ್ ಅಳೆಯಿರಿ. ನಾನು ಅಳೆದಿರಲಿಲ್ಲ. 60 ಮಿ.ಮೀ. ರಿಮ್ ಹಾಕಿದ ಮೊದಲ ರೇಸಿನಲ್ಲಿ ಮುಂದಿನ ಗಾಲಿ ಪಂಕ್ಚರ್ ಆಯಿತು. ಜಂಬದಿಂದ ಟೈರ್ ಬಿಚ್ಚಿ, ಅಭ್ಯಾಸದ ಗಾಲಿಯದೇ ಟ್ಯೂಬ್ ಒಳಗಿಟ್ಟು ನೋಡುತ್ತೇನೆ, 48 ಮಿ.ಮೀ. ವಾಲ್ವು ರಿಮ್ಮಿನ ಹೊಟ್ಟೆಯೊಳಗೇ ಉಳಿದುಬಿಟ್ಟಿದೆ, ತುದಿ ಕೂಡ ಆಚೆ ಬಂದಿಲ್ಲ. ಪಂಪ್ ಹಿಡಿದುಕೊಂಡು ರಸ್ತೆ ಬದಿಯಲ್ಲಿ ಕೂತಿದ್ದೆ. ಹಿಂದಿನಿಂದ ಬಂದ ಸ್ಪರ್ಧಿ, ಪುಣ್ಯಾತ್ಮರು, ನಿಂತು ತಮ್ಮ ಹತ್ತಿರ ಇದ್ದ, ವಾಲ್ವ್ ಉದ್ದ ಮಾಡುವ ವಾಲ್ವ್ ಎಕ್ಸ್‌ಟೆಂಡರ್ ಕೊಟ್ಟು ಹೋದರು. ಅದು ಈಗಲೂ ನನ್ನ ಬ್ಯಾಗಿನಲ್ಲಿದೆ. ಪಕ್ಕದಲ್ಲಿರುವ ಟ್ಯೂಬ್ ಮಾತ್ರ 80 ಮಿ.ಮೀ. ವಾಲ್ವಿನದು.