ಬೊಬ್ಬೆ ಏಳುವುದು ಅಂಗೈಯಲ್ಲಿ, ಕಾರಣ ಇರುವುದು ಮೊಣಕಾಲಲ್ಲಿ

ರೇಸ್ ಟ್ರ್ಯಾಕ್‌ನಲ್ಲಿ ಬೈಕ್ ಓಡಿಸಲು ಹೊಸದಾಗಿ ಶುರು ಮಾಡಿದವರ ಕೈ ನೋಡಿ. ಬಲಗೈ ಹೆಬ್ಬೆರಳಿನ ಬುಡದಲ್ಲೋ, ಉಂಗುರ ಬೆರಳು ಅಂಗೈಗೆ ಸೇರುವ ಕಡೆಯೋ ಒಂದು ನೀರುಗುಳ್ಳೆ ಇರುವ ಸಾಧ್ಯತೆ ಜಾಸ್ತಿ. ರಸ್ತೆಯಲ್ಲಿ ಇಡೀ ದಿನ ಓಡಿಸಿದರೂ ಏನೂ ಆಗದ ಕೈ ಅದು. ಟ್ರ್ಯಾಕ್‌ನಲ್ಲಿ 20 ನಿಮಿಷದ ಎರಡು ಮೂರು ಸೆಷನ್ ಮುಗಿಯುವಷ್ಟರಲ್ಲಿ ಉರಿಯತೊಡಗುತ್ತದೆ. ಆಗ ಎಲ್ಲರ ಸಿಟ್ಟೂ ಗ್ಲೌಸ್ ಮೇಲೆ. ಇನ್ನೂ ಒಳ್ಳೆಯದೊಂದು ಗ್ಲೌಸ್ ಕೊಳ್ಳುತ್ತಾರೆ, ಬೊಬ್ಬೆ ಮತ್ತೆ ಏಳುತ್ತದೆ.

ಗ್ಲೌಸ್‌ದು ಏನೂ ತಪ್ಪಿಲ್ಲ ಅಂತಲ್ಲ. ಆದರೆ ಅದರ ಪಾಲು ಚಿಕ್ಕದು. ದೊಡ್ಡ ಪಾಲು ತೊಡೆ, ಮೊಣಕಾಲು ಮತ್ತು ಸೊಂಟದ್ದು. ಅದು ಹೇಗೆ ಅಂತ ತಿಳಿಯಬೇಕಾದರೆ ಚರ್ಮದ ಒಳಗೆ ಏನು ನಡೆಯುತ್ತದೆ ಅಂತ ಮೊದಲು ನೋಡಬೇಕು.

ಒಂದು ಚಿಕ್ಕ ಪ್ರಯೋಗ ಮಾಡಿ. ಎಡಗೈಯ ಹಿಂಭಾಗದ ಮೇಲೆ ಬಲಗೈ ತೋರುಬೆರಳನ್ನು ಒತ್ತಿ ಹಿಡಿಯಿರಿ. ಬೆರಳು ಜಾರದ ಹಾಗೆ ಅದನ್ನು ಹಿಂದೆ ಮುಂದೆ ಆಡಿಸಿ. ಬೆರಳಿನ ಜೊತೆ ಚರ್ಮವೂ ಬರುತ್ತದೆ, ಕೆಳಗಿನ ಮೂಳೆ ಮಾತ್ರ ಇದ್ದಲ್ಲೇ ಇರುತ್ತದೆ, ಅಲ್ವಾ? ಇಲ್ಲಿ ಚರ್ಮದ ಮೇಲೆ ಉಜ್ಜಾಟವೇ ನಡೆದಿಲ್ಲ. ಆದರೂ ಮೇಲ್ಪದರಕ್ಕೂ ಮೂಳೆಗೂ ನಡುವೆ ಇರುವುದೆಲ್ಲ ಅಡ್ಡಡ್ಡವಾಗಿ ಎಳೆತಕ್ಕೆ ಸಿಕ್ಕಿತು. ಎಂಜಿನಿಯರುಗಳು ಇದನ್ನು ಶಿಯರ್ ಅನ್ನುತ್ತಾರೆ. ಬೊಬ್ಬೆ ಏಳಿಸುವುದು ಈ ಎಳೆತವೇ.

ಚರ್ಮದ ತೀರಾ ಮೇಲಿರುವುದು ಸತ್ತ ಜೀವಕೋಶಗಳ ಗಟ್ಟಿ ಪದರ. ಅದರ ಕೆಳಗೆ ಒಂದಕ್ಕೊಂದು ಬಿಗಿಯಾಗಿ ಅಂಟಿಕೊಂಡ ಜೀವಂತ ಕೋಶಗಳಿವೆ. ಒಂದೆರಡು ಎಳೆತಕ್ಕೆ ಅವು ಜಗ್ಗುವುದಿಲ್ಲ. ಅದೇ ಜಾಗವನ್ನು ನೂರಾರು ಸಲ ಎಳೆದರೆ ಆ ಅಂಟು ಸೋಲುತ್ತದೆ. ಕೋಶಗಳ ನಡುವೆ ಬಿರುಕು ಬಿಟ್ಟು, ಮೇಲಿನ ಪದರ ಕೆಳಗಿನದರಿಂದ ಬೇರೆಯಾಗುತ್ತದೆ. ಆ ಖಾಲಿ ಜಾಗಕ್ಕೆ ಸುತ್ತಲಿನ ದ್ರವ ಒಸರಿಕೊಂಡು ಬಂದು ಸುಮಾರು 2 ಗಂಟೆಯಲ್ಲಿ ಗುಳ್ಳೆ ತುಂಬಿಕೊಳ್ಳುತ್ತದೆ. ಬೆಳಗಿನ ಸೆಷನ್‌ನಲ್ಲಿ ಆದ ಹಾನಿ ಊಟದ ಹೊತ್ತಿಗೆ ಕಣ್ಣಿಗೆ ಬೀಳುವುದು ಇದಕ್ಕೇ. ರಕ್ತನಾಳಗಳು ಇನ್ನೂ ಕೆಳಗಿರುವುದರಿಂದ ಆ ನೀರು ತಿಳಿಯಾಗಿರುತ್ತದೆ. ಕೆಂಪಾಗಿದ್ದರೆ ಪೆಟ್ಟು ಇನ್ನೂ ಆಳಕ್ಕೆ ಹೋಗಿದೆ ಅಂತ ಅರ್ಥ.

ಅಂಗೈ ಅಂಗಾಲುಗಳಲ್ಲೇ ಬೊಬ್ಬೆ ಏಳುವುದು ಯಾಕೆ? ಅಮೆರಿಕದ ಚರ್ಮರೋಗ ತಜ್ಞ ಮೇರಿಯನ್ ಸುಲ್ಜ್‌ಬರ್ಗರ್ ಮತ್ತು ಸಂಗಡಿಗರು ಮನುಷ್ಯರ ಚರ್ಮವನ್ನು ಯಂತ್ರದಿಂದ ಉಜ್ಜಿ ನೋಡಿ 1966ರಲ್ಲಿ ಅದರ ಬಗ್ಗೆ ಬರೆದರು. ತೆಳು ಚರ್ಮವಿರುವ ಕಡೆ ಮೇಲ್ಪದರವೇ ತರಚಿ ಹೋಗುತ್ತದೆ, ಗುಳ್ಳೆ ಏಳುವುದಿಲ್ಲ. ಅಂಗೈಯ ಮೇಲ್ಪದರ ದಪ್ಪ. ಅದು ಹರಿಯದೆ ತಡೆದುಕೊಳ್ಳುತ್ತದೆ, ಹಾಗಾಗಿ ಒಳಗಿನ ಪದರ ಹರಿಯುತ್ತದೆ.

ಈಗ ಬೈಕಿಗೆ ಬರೋಣ. 12 ತಿರುವುಗಳ ಒಂದು ಟ್ರ್ಯಾಕ್ ಅಂದುಕೊಳ್ಳಿ. ಒಂದು ಸೆಷನ್‌ನಲ್ಲಿ 10 ಲ್ಯಾಪ್ ಹೊಡೆದರೆ 120 ತಿರುವು. ಪ್ರತಿ ತಿರುವಿನಲ್ಲೂ ಥ್ರಾಟಲ್ (ಬಲಗೈ ಹಿಡಿಯುವ ಆಕ್ಸಿಲರೇಟರ್ ಗ್ರಿಪ್) ಮುಚ್ಚಬೇಕು, ಗೇರ್ ಇಳಿಸುವಾಗ ಒಂದೆರಡು ಸಲ ಚಿಮ್ಮಿಸಬೇಕು, ಅಂದರೆ ಚಟ್ಟನೆ ತೆರೆದು ಮುಚ್ಚಬೇಕು, ಆಮೇಲೆ ಮತ್ತೆ ಪೂರ್ತಿ ತೆರೆಯಬೇಕು. ಬಲಗೈ ಒಂದೇ ಸೆಷನ್‌ನಲ್ಲಿ ನಾನೂರು ಐನೂರು ಸಲ ಗ್ರಿಪ್ ತಿರುಗಿಸುತ್ತದೆ. ರಸ್ತೆಯಲ್ಲಿ ಇಷ್ಟು ತಿರುಗಿಸಲು ಎಷ್ಟೋ ಗಂಟೆ ಬೇಕು.

ಬರೀ ತಿರುಗಿಸಿದರೆ ಬೊಬ್ಬೆ ಬರುವುದಿಲ್ಲ, ಜೊತೆಗೆ ಒತ್ತಡ ಬೇಕು. ಒತ್ತಡ ಕಡಿಮೆ ಇದ್ದರೆ ಅಂಗೈ ಸ್ವಲ್ಪ ಜಾರಿ ಎಳೆತ ಬಿಟ್ಟುಹೋಗುತ್ತದೆ. ಒತ್ತಿ ಹಿಡಿದಿದ್ದರೆ ಜಾರಲು ದಾರಿಯಿಲ್ಲ, ಎಳೆತವೆಲ್ಲ ಚರ್ಮದ ಒಳಗೇ ಮುಗಿಯಬೇಕು. ಆ ಒತ್ತಡ ಅತಿ ಹೆಚ್ಚಾಗುವುದು ಬ್ರೇಕ್ ಹಿಡಿದಾಗ. ಜೋರಾಗಿ ಬ್ರೇಕ್ ಹಿಡಿದ ಟ್ರ್ಯಾಕ್ ಬೈಕಿನ ಹಿಂದೆಳೆತ ಸುಮಾರು 1 ಜಿ (ಭೂಮಿಯ ಗುರುತ್ವದಷ್ಟು) ಮುಟ್ಟುತ್ತದೆ. ಅಂದರೆ 75 ಕೆಜಿ ತೂಕದ ಸವಾರನನ್ನು ಮುಂದಕ್ಕೆ ನೂಕುವ ಬಲವೂ 75 ಕೆಜಿ ತೂಕದಷ್ಟೇ. ಇದನ್ನು ಯಾರಾದರೂ ತಡೆಯಲೇಬೇಕು. ಮೊಣಕಾಲುಗಳು ಟ್ಯಾಂಕನ್ನು ಬಿಗಿಯಾಗಿ ಅಪ್ಪಿದ್ದರೆ ಬಹುಪಾಲು ಅವು ತಡೆಯುತ್ತವೆ. ಕಾಲು ಸಡಿಲವಾಗಿದ್ದರೆ ಭಾರವೆಲ್ಲ ಎರಡು ಅಂಗೈಗಳ ಮೇಲೆ ಬೀಳುತ್ತದೆ. ಅದೇ ಕ್ಷಣದಲ್ಲಿ ಬಲಗೈಯ ಎರಡು ಬೆರಳು ಬ್ರೇಕ್ ಲಿವರ್ ಎಳೆಯುತ್ತಿರುತ್ತವೆ, ಹೆಬ್ಬೆರಳಿನ ಬುಡ ಗ್ರಿಪ್ಪನ್ನು ಒತ್ತುತ್ತಾ ಥ್ರಾಟಲ್ ಚಿಮ್ಮಿಸುತ್ತಿರುತ್ತದೆ. ಅತಿ ಹೆಚ್ಚು ಒತ್ತಡ ಮತ್ತು ತಿರುಗಾಟ ಒಂದೇ ಜಾಗದಲ್ಲಿ, ಒಂದೇ ಹೊತ್ತಿನಲ್ಲಿ. ಚರ್ಮಕ್ಕೆ ಇದಕ್ಕಿಂತ ಕೆಟ್ಟ ಪರಿಸ್ಥಿತಿ ಬೈಕಿನ ಮೇಲೆ ಇನ್ನೊಂದಿಲ್ಲ.

ಹಾಗಾಗಿ ಬೊಬ್ಬೆ ಎದ್ದ ಜಾಗ ತುಂಬಾ ವಿಷಯ ಹೇಳುತ್ತದೆ. ಅಂಗೈಯ ಬುಡದಲ್ಲಿ, ಹೆಬ್ಬೆರಳಿನ ಉಬ್ಬಿನ ಮೇಲೆ ಎದ್ದಿದ್ದರೆ ಬ್ರೇಕಿನ ಭಾರ ಕೈಗೆ ಬರುತ್ತಿದೆ. ಬೆರಳುಗಳ ಬುಡದಲ್ಲಿ ಎದ್ದಿದ್ದರೆ ನೀವು ಹ್ಯಾಂಡಲ್ಲಿಗೆ ಜೋತುಬೀಳುತ್ತಿದ್ದೀರಿ. ವೇಗ ಏರಿಸುವಾಗ ಮೈ ಹಿಂದೆ ಹೋಗದಂತೆ ಕೈಯಿಂದ ಎಳೆದುಕೊಳ್ಳುವವರಿಗೂ, ತಿರುವಿನಲ್ಲಿ ಮೈ ಹೊರಗೆ ಬಿಟ್ಟು ಹ್ಯಾಂಡಲ್ ಹಿಡಿದು ನೇತಾಡುವವರಿಗೂ ಬೊಬ್ಬೆ ಬರುವುದು ಇಲ್ಲೇ. ಹೆಬ್ಬೆರಳು ತೋರುಬೆರಳಿನ ನಡುವಿನ ಸಂದಿಯಲ್ಲಿ ಎದ್ದರೆ ಗ್ರಿಪ್ಪಿನ ಒಳತುದಿಯ ಉಬ್ಬಿದ ಅಂಚು ಉಜ್ಜುತ್ತಿದೆ, ಕೈ ತೀರಾ ಒಳಗೆ ಸರಿದಿದೆ.

ಪರಿಹಾರವೂ ಇಲ್ಲಿಂದಲೇ ಶುರುವಾಗಬೇಕು. ಬ್ರೇಕ್ ಮುಟ್ಟುವ ಮೊದಲೇ ಮೊಣಕಾಲು ಟ್ಯಾಂಕನ್ನು ಒತ್ತಿರಬೇಕು. ಬ್ರೇಕ್ ಹಿಡಿದ ಮೇಲೆ ಒತ್ತಿದರೆ ತಡವಾಯಿತು, ಅಷ್ಟರಲ್ಲಿ ಭಾರ ಕೈಗೆ ಬಂದಿರುತ್ತದೆ. ತಿರುವಿನಲ್ಲಿ ಹೊರಬದಿಯ ತೊಡೆ ಟ್ಯಾಂಕಿಗೆ ಸಿಕ್ಕಿಸಿದಂತೆ ಕೂತು ಮೈಯ ಭಾರ ಹೊರಬೇಕು. ನುಣುಪು ಟ್ಯಾಂಕಿನ ಮೇಲೆ ರೇಸಿಂಗ್ ಸೂಟಿನ ಚರ್ಮ ಜಾರುತ್ತದೆ. ಅದಕ್ಕೇ ಟ್ಯಾಂಕಿನ ಎರಡೂ ಬದಿಗೆ ಒರಟು ರಬ್ಬರ್ ಪ್ಯಾಡ್ ಅಂಟಿಸುತ್ತಾರೆ. ಅಂಗೈಯ ಬೊಬ್ಬೆಗೆ ಒಂದೇ ಒಂದು ವಸ್ತು ಕೊಳ್ಳಬಹುದು ಅಂದರೆ, ಗ್ಲೌಸ್‌ಗಿಂತ ಮೊದಲು ಈ ಪ್ಯಾಡ್ ಕೊಳ್ಳಿ ಅಂತಲೇ ಹೇಳುತ್ತೇನೆ.

ಸರಿಯಾಗಿ ಕೂತಿದ್ದೀರಾ ಅಂತ ತಿಳಿಯುವುದು ಸುಲಭ. ಬ್ರೇಕ್ ಹಿಡಿದಿರುವಾಗಲೂ ಮೊಣಕೈಗಳನ್ನು ಸ್ವಲ್ಪ ಮೇಲೆ ಕೆಳಗೆ ಆಡಿಸಲು ಬರಬೇಕು. ತೋಳು ಕಂಬದ ಹಾಗೆ ಸೆಟೆದಿದ್ದರೆ ಭಾರ ಕೈಯಲ್ಲಿದೆ. ಮಧ್ಯಾಹ್ನದ ಮೇಲೆ ಬೊಬ್ಬೆ ಜಾಸ್ತಿ ಆಗುವುದಕ್ಕೂ ಇದೇ ಕಾರಣ ಇರಬಹುದು. ತೊಡೆ, ಹೊಟ್ಟೆಯ ಸ್ನಾಯುಗಳು ದಣಿಯುತ್ತವೆ, ಅವು ಬಿಟ್ಟ ಕೆಲಸವನ್ನು ಕೈ ಎತ್ತಿಕೊಳ್ಳುತ್ತದೆ. ಕಾಲಿಗೂ ಹೊಟ್ಟೆಗೂ ವ್ಯಾಯಾಮ ಮಾಡಿದವರ ಅಂಗೈ ಕೊನೆಯ ಸೆಷನ್‌ವರೆಗೂ ಬಾಳುತ್ತದೆ.

ಇನ್ನು ಗ್ರಿಪ್ ಹಿಡಿಯುವ ರೀತಿ. ಹೆಚ್ಚಿನವರು ಥ್ರಾಟಲ್ಲನ್ನು ನೇರ ಮುಷ್ಟಿಯಲ್ಲಿ ಹಿಡಿಯುತ್ತಾರೆ. ಪೂರ್ತಿ ತೆರೆಯುವ ಹೊತ್ತಿಗೆ ಮಣಿಕಟ್ಟು ಕೆಳಗೆ ಬಿದ್ದು, ಅಂಗೈ ಗ್ರಿಪ್ ಮೇಲೆ ತಿರುಚಿಕೊಳ್ಳುತ್ತದೆ. ಸ್ಕ್ರೂಡ್ರೈವರ್ ಹಿಡಿದ ಹಾಗೆ ಸ್ವಲ್ಪ ಓರೆಯಾಗಿ, ಗ್ರಿಪ್ಪಿನ ಹೊರತುದಿ ಅಂಗೈಯ ನಡುವಿಗೆ ಬರುವಂತೆ ಹಿಡಿದರೆ ಮುಂದೋಳೂ ತಿರುಗುವ ಕೆಲಸಕ್ಕೆ ಕೈಜೋಡಿಸುತ್ತದೆ. ಮಣಿಕಟ್ಟು ಅಷ್ಟು ಮಡಿಯಬೇಕಾಗಿಲ್ಲ. ಅಭ್ಯಾಸವಾಗಲು ಸ್ವಲ್ಪ ಸಮಯ ಬೇಕು, ಆದರೆ ಕಲಿಯಲೇಬೇಕಾದ ಹಿಡಿತ. ಪೂರ್ತಿ ತೆರೆಯಲು ಕಡಿಮೆ ತಿರುಗಿಸಿದರೆ ಸಾಕಾಗುವಂಥ ಥ್ರಾಟಲ್ ಟ್ಯೂಬುಗಳೂ (ಗ್ರಿಪ್ಪಿನ ಒಳಗಿನ ತಿರುಗುವ ಕೊಳವೆ) ಸಿಗುತ್ತವೆ. ತಿರುಗಾಟ ಕಡಿಮೆಯಾದಷ್ಟೂ ಎಳೆತ ಕಡಿಮೆ. ಇರುವ ಟ್ಯೂಬೇ ಕೊಳೆ ಕೂತು ಬಿಗಿಯಾಗಿದ್ದರೆ ಮೊದಲು ಅದನ್ನು ಬಿಚ್ಚಿ ತೊಳೆಯಿರಿ, ಕೇಬಲ್ಲಿಗೆ ಎಣ್ಣೆ ಬಿಡಿ. ಬಿಗಿ ಥ್ರಾಟಲ್ಲಿಗೆ ಬಿಗಿ ಮುಷ್ಟಿ ಬೇಕಾಗುತ್ತದೆ, ಬಿಗಿ ಮುಷ್ಟಿ ಅಂದರೆ ಬೊಬ್ಬೆ.

ಸವೆದು ನುಣುಪಾದ ಗ್ರಿಪ್ಪಿನ ಕಥೆಯೂ ಇದೇ. ರಬ್ಬರ್ ಹಳತಾಗಿ ಗಟ್ಟಿಯಾದರೆ ಹಿಡಿತ ಸಿಗುವುದಿಲ್ಲ, ಕೈ ತನಗೆ ಗೊತ್ತಿಲ್ಲದೆ ಇನ್ನೂ ಒತ್ತುತ್ತದೆ. ಹೊಸ ಮೆತ್ತನೆ ಗ್ರಿಪ್ಪಿಗೆ ಹೆಚ್ಚು ಖರ್ಚಿಲ್ಲ. ಒಳತುದಿಯ ಅಂಚು ಹೆಬ್ಬೆರಳನ್ನು ಉಜ್ಜುತ್ತಿದ್ದರೆ ಕೆಲವರು ಅದನ್ನು ಬ್ಲೇಡಿನಿಂದ ಕತ್ತರಿಸುತ್ತಾರೆ, ಕೆಲವರು ಅದರ ಪಕ್ಕಕ್ಕೆ ಮೆತ್ತನೆಯ ಬಳೆಯಂಥ ರಬ್ಬರ್ ಹಾಕುತ್ತಾರೆ. ಎರಡೂ ಕೆಲಸ ಮಾಡುತ್ತವೆ. ಏನೇ ಮಾಡಿದರೂ ಥ್ರಾಟಲ್ ತಾನಾಗಿ ಚಟ್ಟನೆ ಮುಚ್ಚಿಕೊಳ್ಳುತ್ತದಾ ಅಂತ ನೋಡದೆ ಟ್ರ್ಯಾಕಿಗೆ ಇಳಿಯಬೇಡಿ.

ಈಗ ಗ್ಲೌಸ್. ಕೊಳ್ಳುವಾಗ ಹಾಕಿಕೊಂಡು ಕೈ ಚಾಚಿ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಒಂದು ಗ್ರಿಪ್ ಹಿಡಿದು ಮುಷ್ಟಿ ಮಾಡಿ, ಅಂಗೈಯ ಒಳಗೆ ಚರ್ಮ ಎಲ್ಲಿ ಮಡಿಕೆ ಬೀಳುತ್ತದೆ ಅಂತ ಗಮನಿಸಿ. ಆ ಮಡಿಕೆ ಇರುವಲ್ಲೇ ಬೊಬ್ಬೆ ಬರುತ್ತದೆ. ಒಳಗಿನ ಬಟ್ಟೆ ಬೇರೆಯಾಗಿ ಸುರುಳಿ ಸುತ್ತಬಾರದು, ಹೊಲಿಗೆಯ ದಪ್ಪ ಗೆರೆ ಅಂಗೈ ಕಡೆ ಒಳಗೆ ಇರಬಾರದು. ಕಾಂಗರೂ ಚರ್ಮಕ್ಕೆ ಟ್ರ್ಯಾಕ್ ಸವಾರರಲ್ಲಿ ಬೇಡಿಕೆ ಇರುವುದು ಅದು ತೆಳುವಾಗಿದ್ದೂ ಬಲವಾಗಿರುವುದಕ್ಕೆ. ತೆಳು ಚರ್ಮದಲ್ಲಿ ಮಡಿಕೆ ಕಡಿಮೆ. ಆದರೆ ಬೊಬ್ಬೆಯ ಭಯಕ್ಕೆ ಅಂಗೈಯ ರಕ್ಷಣಾ ಪಟ್ಟಿಯನ್ನು ಕತ್ತರಿಸಿ ತೆಗೆಯುವ ಕೆಲಸ ಯಾವತ್ತೂ ಬೇಡ. ಬಿದ್ದಾಗ ಮೊದಲು ನೆಲ ಮುಟ್ಟುವುದು ಅಂಗೈಯೇ. ಯುರೋಪಿನ ಇಎನ್ 13594 ಮಾನದಂಡ ಬೈಕ್ ಗ್ಲೌಸ್‌ಗಳನ್ನು ಪರೀಕ್ಷಿಸುವುದೂ ಅಂಥ ಹೊತ್ತಿಗಾಗಿಯೇ.

ಬೆವರಿನ ವಿಷಯದಲ್ಲಿ ಒಂದು ತಪ್ಪು ಕಲ್ಪನೆ ಇದೆ. ಒದ್ದೆಯಾದರೆ ಜಾರುತ್ತದೆ, ಜಾರಿದರೆ ಬೊಬ್ಬೆ ಬರುವುದಿಲ್ಲ ಅಂದುಕೊಳ್ಳುತ್ತಾರೆ. ಇಂಗ್ಲೆಂಡಿನ ಸಂಶೋಧಕ ನೇಲರ್ 1955ರಲ್ಲಿ ಪ್ರಕಟಿಸಿದ ಪ್ರಯೋಗಗಳಿಂದ ಹಿಡಿದು ನಂತರದ ಕೆಲಸಗಳವರೆಗೆ ಕಂಡಿದ್ದು ಬೇರೆ. ಪೂರ್ತಿ ಒಣಗಿದ ಚರ್ಮಕ್ಕೂ ಪೂರ್ತಿ ತೊಯ್ದ ಚರ್ಮಕ್ಕೂ ಘರ್ಷಣೆ ಕಡಿಮೆ. ಎರಡರ ನಡುವಿನ ಜಿಗುಟು ಒದ್ದೆಯಲ್ಲೇ ಘರ್ಷಣೆ ಅತಿ ಹೆಚ್ಚು. ಗ್ಲೌಸ್ ಒಳಗೆ ಇರುವುದು ಸರಿಯಾಗಿ ಅದೇ ಸ್ಥಿತಿ. ಅಂಗೈ ಬಿಸಿಗೆ ಮಾತ್ರ ಬೆವರುವುದಿಲ್ಲ, ಆತಂಕಕ್ಕೂ ಬೆವರುತ್ತದೆ. ಟ್ರ್ಯಾಕ್‌ನಲ್ಲಿ ಎರಡೂ ಇರುತ್ತವೆ. ಎರಡು ಜೊತೆ ಗ್ಲೌಸ್ ಇಟ್ಟುಕೊಂಡು ಸೆಷನ್‌ಗೊಂದರಂತೆ ಬದಲಿಸುವುದು, ಪಿಟ್ಟಿಗೆ (ಟ್ರ್ಯಾಕ್ ಪಕ್ಕ ಬೈಕ್ ನಿಲ್ಲಿಸುವ ಜಾಗಕ್ಕೆ) ಬಂದ ಕೂಡಲೇ ತೆಗೆದು ನೆರಳಲ್ಲಿ ಗಾಳಿಗೆ ಇಡುವುದು ಒಳ್ಳೆಯದು. ಬಿಸಿ ಎಂಜಿನ್ ಮೇಲೆ ಒಣಗಿಸಿದರೆ ಗ್ಲೌಸಿನ ಚರ್ಮ ಸೆಟೆದು ಗಟ್ಟಿಯಾಗುತ್ತದೆ.

ಬೆವರು ತಡೆಯುವ ಔಷಧಿ ಹಚ್ಚಬಹುದಾ? 1998ರಲ್ಲಿ ಅಮೆರಿಕದ ಸೇನಾ ಕೆಡೆಟ್‌ಗಳ ಮೇಲೆ ಒಂದು ಅಧ್ಯಯನ ಪ್ರಕಟವಾಯಿತು. ಅಲ್ಯೂಮಿನಿಯಂ ಕ್ಲೋರೈಡ್ ದ್ರಾವಣವನ್ನು ಕಾಲಿಗೆ ಹಚ್ಚಿ 21 ಕಿಮೀ ನಡೆದವರಲ್ಲಿ ಶೇ. 21 ಮಂದಿಗೆ ಬೊಬ್ಬೆ ಬಂತು, ಔಷಧಿ ಇಲ್ಲದ ದ್ರಾವಣ ಹಚ್ಚಿದವರಲ್ಲಿ ಶೇ. 48 ಮಂದಿಗೆ. ಆದರೆ ಔಷಧಿ ಹಚ್ಚಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಚರ್ಮ ಕೆರಳಿತು. ಬ್ರೇಕ್ ಹಿಡಿಯುವ ಕೈಗೆ ಅಂಥ ಉರಿ ಬೇಕಿಲ್ಲ. ಪೌಡರ್ ಬೆವರಿಗೆ ಸಿಕ್ಕಿ ಗಂಟುಗಟ್ಟುತ್ತದೆ. ಜೆಲ್ಲಿ, ಮುಲಾಮು ಕೈಗಂತೂ ಬೇಡವೇ ಬೇಡ, ಹ್ಯಾಂಡಲ್ ಕೈತಪ್ಪಿದರೆ ಬೊಬ್ಬೆಗಿಂತ ದೊಡ್ಡ ವಿಷಯ.

ನನಗೆ ಹಿಡಿಸುವುದು ಇನ್ನೊಂದು ದಾರಿ. ಜಾರುವುದು ಎಲ್ಲಾದರೂ ಆಗಲಿ, ಚರ್ಮದ ಒಳಗೆ ಆಗುವುದು ಬೇಡ. ಮೈಗಂಟುವ ತೆಳುವಾದ ಒಳಗ್ಲೌಸ್ ಹಾಕಿದರೆ ಅದಕ್ಕೂ ಹೊರಗಿನ ಗ್ಲೌಸಿನ ಚರ್ಮಕ್ಕೂ ನಡುವೆ ಕೂದಲೆಳೆಯಷ್ಟು ಜಾರಾಟ ನಡೆಯುತ್ತದೆ, ಅಂಗೈ ಉಳಿಯುತ್ತದೆ. ಲಿವರಿನ ಸ್ಪರ್ಶ ಮಂಕಾಗದಷ್ಟು ತೆಳುವಾಗಿದ್ದರೆ ಮಾತ್ರ. ಟೇಪ್ ಸುತ್ತುವುದೂ ಹೀಗೇ. ಸ್ಟ್ಯಾನ್‌ಫರ್ಡ್‌ನ ವೈದ್ಯರೊಬ್ಬರ ತಂಡ ಸುಮಾರು 250 ಕಿಮೀ ಓಡುವ 128 ಓಟಗಾರರ ಕಾಲಿಗೆ ಔಷಧಿ ಅಂಗಡಿಯ ಸಾದಾ ಪೇಪರ್ ಟೇಪ್ ಹಚ್ಚಿ ನೋಡಿತ್ತು. 2016ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಟೇಪ್ ಇದ್ದ ಜಾಗಗಳಲ್ಲಿ ಬೊಬ್ಬೆ ಶೇ. 40ರಷ್ಟು ಕಡಿಮೆ. ಅದು ಕಾಲಿನ ಲೆಕ್ಕ, ಆದರೆ ಅಂಗೈ ಚರ್ಮವೂ ಅದೇ ಜಾತಿಯದು. ಬೆಳಿಗ್ಗೆ ಕೈ ತೊಳೆದು, ಪೂರ್ತಿ ಒಣಗಿಸಿ, ಪ್ರತಿ ಸಲ ಉರಿಯುವ ಜಾಗಕ್ಕೆ ಮಾತ್ರ ಒಂದು ಪದರ ಸುಕ್ಕಿಲ್ಲದಂತೆ ಅಂಟಿಸಿ. ಟೇಪಿನ ಸುಕ್ಕು ಗ್ಲೌಸಿನ ಮಡಿಕೆಯಷ್ಟೇ ಕೆಟ್ಟದ್ದು.

ಜಡ್ಡು (ಉಜ್ಜಿ ಉಜ್ಜಿ ದಪ್ಪಗಟ್ಟಿದ ಚರ್ಮ) ಬೆಳೆಸಿಕೊಂಡರೆ ಸಾಕು ಅನ್ನುವವರಿದ್ದಾರೆ. ಸ್ವಲ್ಪ ಸ್ವಲ್ಪವಾಗಿ ಕೆಲಸ ಕೊಟ್ಟರೆ ಅಂಗೈ ಗಟ್ಟಿಯಾಗುವುದು ನಿಜ. ದಪ್ಪ ಜಡ್ಡು ಮಾತ್ರ ತೊಂದರೆ. ಅದರ ಅಂಚಿನಲ್ಲಿ ಎಳೆತ ಒಟ್ಟಾಗಿ, ಜಡ್ಡಿನ ಅಡಿಯಲ್ಲೇ ಆಳವಾದ ಗುಳ್ಳೆ ಏಳುತ್ತದೆ. ಸ್ನಾನದ ನಂತರ ಉಜ್ಜುಗಲ್ಲಿನಿಂದ ಸವರಿ ಸಮ ಮಾಡಿಕೊಂಡಿದ್ದರೆ ಒಳ್ಳೆಯದು.

ಇಷ್ಟಾದರೂ ಬೊಬ್ಬೆ ಎದ್ದರೆ? ಬರುವ ಮೊದಲು ಆ ಜಾಗ ಕೆಂಪಾಗಿ ಬಿಸಿಯಾಗುತ್ತದೆ. ಆಗಲೇ ನಿಲ್ಲಿಸಿ ಟೇಪ್ ಹಚ್ಚಿದರೆ ದಿನ ಉಳಿಯಬಹುದು. ಎದ್ದೇಬಿಟ್ಟಿದ್ದರೆ ಮೇಲಿನ ಚರ್ಮ ಕೀಳಬೇಡಿ, ಅದಕ್ಕಿಂತ ಒಳ್ಳೆಯ ಬ್ಯಾಂಡೇಜ್ ಇಲ್ಲ. ಚಿಕ್ಕದನ್ನು ಹಾಗೇ ಬಿಡಿ. ದೊಡ್ಡದಾಗಿ ನೋಯುತ್ತಿದ್ದರೆ ಕೈ ಸೋಪಿನಲ್ಲಿ ತೊಳೆದು, ಕ್ರಿಮಿಶುದ್ಧ ಸೂಜಿಯಿಂದ ಅಂಚಿನಲ್ಲಿ ಚುಚ್ಚಿ ನೀರು ಒತ್ತಿ ತೆಗೆದು, ಮೇಲಿನ ಚರ್ಮವನ್ನು ಅಲ್ಲೇ ಕೂರಿಸಿ ಮುಚ್ಚಬಹುದು. ಸಕ್ಕರೆ ಕಾಯಿಲೆ ಇರುವವರು ಇದನ್ನು ತಾವೇ ಮಾಡದೆ ವೈದ್ಯರ ಬಳಿ ಹೋಗಬೇಕು. ಕೀವು ಬಂದರೆ, ಕೆಂಪು ಹರಡುತ್ತಾ ಹೋದರೆ, ಜ್ವರ ಬಂದರೆ ಯಾರೇ ಆದರೂ ಹೋಗಲೇಬೇಕು. ಗುಳ್ಳೆಯ ತಳದ ಕೋಶಗಳು 24 ಗಂಟೆಯೊಳಗೆ ಚುರುಕಾಗಿ ವಿಭಜನೆಯಾಗಿ ಬೆಳೆಯತೊಡಗುತ್ತವೆ. ಹೊಸ ಮೇಲ್ಪದರ ಕಾಣಿಸಿಕೊಳ್ಳಲು ಸುಮಾರು 120 ಗಂಟೆ, ಅಂದರೆ 5 ದಿನ ಬೇಕು. ಆ ಹೊಸ ಚರ್ಮ ಇನ್ನೂ ಎಳೆಯದು. ಅದರ ಮೇಲೆ ಟ್ರ್ಯಾಕಿಗೆ ಇಳಿದರೆ ನೋವು ತಪ್ಪಿಸಲು ಕೈ ಹಿಡಿತ ಬದಲಿಸುತ್ತದೆ, ಬ್ರೇಕ್ ಲಿವರಿಗೆ ಬೆರಳು ತಲುಪುವುದು ತಡವಾಗುತ್ತದೆ. ಗುಳ್ಳೆ ಹರಿದಿದ್ದರೆ ಆ ದಿನದ ಉಳಿದ ಸೆಷನ್‌ಗಳನ್ನು ಬಿಟ್ಟುಬಿಡಿ.