ಬೀಜ ಬ್ಯಾಂಕ್: ಕಡ ತಗೊಂಡಿದ್ದು ವಾಪಸ್ ಬರಬೇಕು

ದಾವಣಗೆರೆಯಲ್ಲಿ ಮೊನ್ನೆ ಮತ್ತೊಂದು ಬೋರ್ಡು ಕಂಡೆ: ‘ಬೀಜ ಬ್ಯಾಂಕ್’. ಒಳಗೆ ಬರೀ ಹೈಬ್ರಿಡ್ ಮೆಕ್ಕೆಜೋಳದ ಪ್ಯಾಕೆಟ್ಟು. ಅದು ಬೀಜದ ಅಂಗಡಿ. ಅಂಗಡಿಯನ್ನು ಅಂಗಡಿ ಅಂದರೆ ಅವಮಾನವೇನಿಲ್ಲ, ಅಲ್ವಾ?

ಬ್ಯಾಂಕು ಅಂದಮೇಲೆ ಇಡೋದು, ತೆಗೆಯೋದು, ಮತ್ತೆ ತುಂಬೋದು ಮೂರೂ ಇರಬೇಕು. ಊರಿನ ಬೀಜ ಬ್ಯಾಂಕಿನಲ್ಲಿ ಒಂದು ಸೇರು ಸಾಮೆ ಕಡ ತಗೊಂಡವರು ಸುಗ್ಗಿ ಮುಗಿದ ಮೇಲೆ ಒಂದೂವರೆಯೋ ಎರಡೋ ಸೇರು ಅಳೆದು ಕೊಡುತ್ತಾರೆ. ಹೈಬ್ರಿಡ್‌ನಲ್ಲಿ ಇದು ನಡೆಯಲ್ಲ. ಅದರ ತೆನೆಯ ಕಾಳು ಬಿತ್ತಿದರೆ ಒಂದು ಗಿಡ ಎತ್ತರ, ಇನ್ನೊಂದು ಗಿಡ್ಡ. ಮೊದಲ ವರ್ಷದ ಇಳುವರಿ ಮತ್ತೆ ಬರಲ್ಲ.

ಇನ್ನೊಂದು ಮಾತು ಭಾಷಣಗಳಲ್ಲಿ ಜಾಸ್ತಿ: ‘ಹಗೇವು ನಮ್ಮ ಹಿರಿಯರ ಬೀಜ ಬ್ಯಾಂಕ್’. ಅಲ್ಲ ಸ್ವಾಮಿ. ಹಗೇವು ಅಂದರೆ ಕಾಳು ತುಂಬಿಡೋ ನೆಲದೊಳಗಿನ ಗುಂಡಿ, ಅದಕ್ಕೆ ತುಂಬುತ್ತಿದ್ದುದು ಉಣ್ಣುವ ಜೋಳ. ಬಾಯಿ ತೆಗೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ, ಒಳಗೆ ಉಸಿರುಗಟ್ಟುತ್ತದೆ. ದೀಪ ಇಳಿಬಿಟ್ಟು ನೋಡಿ, ಅದು ಆರದಿದ್ದರೆ ಮಾತ್ರ ಇಳಿಯೋದು. ಬಿತ್ತನೆಗೆ ಬೇರೆಯದೇ ಆರೈಕೆ. ಹೊಲದಲ್ಲೇ ಒಳ್ಳೆ ತೆನೆ ಆರಿಸಿ, ಒಣಗಿಸಿ, ಬೂದಿ ಬೆರೆಸಿ, ಬೇವಿನ ಸೊಪ್ಪು ಹಾಕಿ, ಸಗಣಿ ಸಾರಿಸಿದ ಬುಟ್ಟಿಯ ಬಾಯಿ ಮುಚ್ಚಿ ಇಡುತ್ತಿದ್ದರು. ‘ಬಿತ್ತ’, ‘ಬಿತ್ತು’, ‘ಬಿತ್ತನೆ’ ಮೂರಕ್ಕೂ ಬೇರು ಒಂದೇ. ಮಣ್ಣಿಗೆಂದೇ ಎತ್ತಿಟ್ಟಿದ್ದು ಬಿತ್ತ. ಕಾಳಿಗೆ ಆ ಹಂಗಿಲ್ಲ, ರೊಟ್ಟಿಯಾದರೂ ಸರಿ.

ನಾರ್ವೆಯ ಸ್ವಾಲ್ಬಾರ್ಡ್‌ನಲ್ಲಿ 2008ರಲ್ಲಿ ತೆರೆದ ಬೀಜ ಭಂಡಾರ ಮೈನಸ್ 18 ಡಿಗ್ರಿಯಲ್ಲಿದೆ. ಸಿರಿಯಾದ ಯುದ್ಧದಲ್ಲಿ ಅಲೆಪ್ಪೊದ ತನ್ನ ಬೀಜ ಭಂಡಾರ ಕೈತಪ್ಪಿದಾಗ ಒಣಭೂಮಿ ಬೇಸಾಯದ ಸಂಶೋಧನೆ ಮಾಡೋ ಇಕಾರ್ಡಾ ಸಂಸ್ಥೆ, ಸ್ವಾಲ್ಬಾರ್ಡ್‌ನಲ್ಲಿ ಮೊದಲೇ ಇಟ್ಟಿದ್ದ ಬೀಜವನ್ನು 2015ರಲ್ಲಿ ತೆಗೆಯಿತು. ಬೇರೆ ದೇಶಗಳಲ್ಲಿ ಬೆಳೆದು 2017ರಲ್ಲಿ ವಾಪಸ್ ಇಡತೊಡಗಿತು. ನೋಡಿ, ಅಲ್ಲೂ ಅದೇ ಲೆಕ್ಕ.

ಹೊಸದುರ್ಗದ ಕಡೆ ಊರಿನ ಒಂದು ಕೋಣೆಯಲ್ಲಿ ಸಾಮೆ, ನವಣೆ ಇಡೋಕೆ ಅಷ್ಟು ಚಳಿ ಬೇಡ. ಮೊದಲು ಒಣಗಿಸಬೇಕು. ಬೀಜದ ತೇವ ಶೇಕಡಾ 1 ಇಳಿದರೆ ಆಯಸ್ಸು ಸುಮಾರು ಎರಡು ಪಟ್ಟು ಅನ್ನೋದು ಈ ಕೆಲಸದವರ ಹಳೇ ಲೆಕ್ಕ. ಡಬ್ಬಿ ಮೇಲೆ ತಳಿ, ಊರು, ವರ್ಷ ಬರೆದಿರಬೇಕು. ಆಗಾಗ 100 ಕಾಳು ಒದ್ದೆ ಬಟ್ಟೆಯಲ್ಲಿ ಸುತ್ತಿ ಮೊಳಕೆ ಎಣಿಸಬೇಕು. ಕಮ್ಮಿಯಾದರೆ ಆ ಮಳೆಗೇ ಬಿತ್ತಿ ಹೊಸ ಬೀಜ ತುಂಬಬೇಕು. ಮಾವು, ಹಲಸು ಮಾತ್ರ ಡಬ್ಬಿಗೆ ಒಗ್ಗಲ್ಲ, ಒಣಗಿದರೆ ಸಾಯುತ್ತವೆ. ಅವಕ್ಕೆ ತೋಟವೇ ಬ್ಯಾಂಕು.

ಆ ಅಂಗಡಿಯವರನ್ನು ಸುಮ್ನೆ ಕೇಳಿದೆ: ‘ಒಂದು ಪ್ಯಾಕೆಟ್ ಒಯ್ದು, ಬೆಳೆದು, ಎರಡು ಪ್ಯಾಕೆಟ್ ಬೀಜ ತಂದುಕೊಟ್ಟರೆ ತಗೋತೀರಾ ಅಣ್ಣಾ?’

‘ಬಿಲ್ ಇದ್ರೆ ನೋಡೋಣ’ ಅಂದರು.